ಊ, ದು

ಮೊನ್ನೆ ಗೆಳತಿಯೊಬ್ಬಳು ನನ್ನಿಂದ ಒಯ್ದಿದ್ದ ಪುಸ್ತಕ ವಾಪಸ್ ತಂದುಕೊಟ್ಟಳು. ಕೊಡುವಾಗಲೇ ಕೇಳಿದಳು: "ಅಲ್ವೇ, ಪುಟದ ಅಂಚಲ್ಲೆಲ್ಲ ಪೆನ್ಸಿಲಲ್ಲಿ ಊ, ದು, ಊ, ದು ಅಂತ ಬರ್ದಿದ್ದೀಯಲ್ಲ, ಏನನ್ನ ಊದ್ಬೇಕು?"

ಊ ಅಂದರೆ ಊಟ. ದು ಅಂದರೆ ದುಡ್ಡು. ಅಷ್ಟೇ ಕಣೇ ಅಂದೆ. ಅವಳು ನನ್ನನ್ನು ಒಂಥರಾ ನೋಡಿದಳು. ಅದಕ್ಕೇ ಈ ಪೋಸ್ಟ್. ಸ್ವಲ್ಪ ಉದ್ದ ಇದೆ, ಕಾಫಿ ತಂದುಕೊಂಡು ಕೂತುಕೊಳ್ಳಿ.

ಕಾಲೇಜಿನಲ್ಲಿ ನಾನು ಕಾದಂಬರಿ ಹುಚ್ಚಿ. ನೋಟ್ಸ್ ಒಳಗೆ ಇಟ್ಟುಕೊಂಡು ಓದಿ ಬೈಸಿಕೊಂಡವಳು. ದಪ್ಪ ಪುಸ್ತಕ ಆದಷ್ಟೂ ಖುಷಿ. ನಲವತ್ತು ದಾಟಿದ ಮೇಲೆ ಏನಾಯಿತೋ, ಕಾದಂಬರಿ ಹಿಡಿದರೆ ಐವತ್ತನೇ ಪುಟಕ್ಕೆ ಕೈ ಬಿಡುತ್ತೆ. ಹೊಸ ಕಾದಂಬರಿಗಳು ಚೆನ್ನಾಗಿಲ್ಲ ಅಂತಲ್ಲ. ಚೆನ್ನಾಗಿವೆ ಅಂತ ಓದಿದವರು ಹೇಳ್ತಾರೆ, ನಂಬುತ್ತೇನೆ. ನನಗೆ ಹಸಿವಿಲ್ಲ, ಅಷ್ಟೇ. ಯಾರಾದರೂ "ಈಚೆಗೆ ಯಾವ ಕಾದಂಬರಿ ಓದಿದ್ರಿ?" ಅಂದಾಗ ತಪ್ಪು ಮಾಡಿದವಳ ಹಾಗೆ ತಲೆ ಕೆರೆದುಕೊಳ್ಳುತ್ತಿದ್ದೆ. ಈಗ ಅದನ್ನೂ ಬಿಟ್ಟಿದ್ದೇನೆ.

ಈಗ ಓದುವುದು ಜಾಸ್ತಿ ಆತ್ಮಕಥೆಗಳನ್ನೇ. ನೆನಪಿನ ಬರಹ, ವ್ಯಕ್ತಿಚಿತ್ರ, ಹಳೆಯ ಪ್ರಬಂಧ, ಇವೂ ಆಗುತ್ತವೆ. ಡಿವಿಜಿಯವರ 'ಜ್ಞಾಪಕ ಚಿತ್ರಶಾಲೆ' ಎಂಟು ಸಂಪುಟ ಇದೆ. ಅದನ್ನು ಮೊದಲಿಂದ ಕೊನೆವರೆಗೆ ಯಾವತ್ತೂ ಓದಿಲ್ಲ. ರಾತ್ರಿ ಎಲ್ಲಿ ತೆರೆಯುತ್ತೋ ಅಲ್ಲಿ ಒಬ್ಬರ ಮನೆಗೆ ಹೋಗಿ ಬಂದ ಹಾಗೆ ಓದಿ ಮಲಗುವುದು. ಅದರ ಪಕ್ಕದಲ್ಲೇ ಅವರ ಮಗ ಬಿಜಿಎಲ್ ಸ್ವಾಮಿಯವರ 'ಹಸುರು ಹೊನ್ನು' ಇಟ್ಟಿದ್ದೇನೆ. ಅಪ್ಪ ಮಗ ಇಬ್ಬರಿಗೂ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಿದೆ, ಅಪ್ಪನಿಗೆ 1967ರಲ್ಲಿ, ಮಗನಿಗೆ 1978ರಲ್ಲಿ. ನಮ್ಮ ಮನೆ ಕಪಾಟಿನಲ್ಲಾದರೂ ಒಟ್ಟಿಗೆ ಇರಲಿ ಅಂತ.

ಆತ್ಮಕಥೆಯಲ್ಲಿ ದೊಡ್ಡ ವಿಚಾರಗಳನ್ನು ನಾನು ಹುಡುಕುವುದಿಲ್ಲ. ಆ ಮನುಷ್ಯ ಏನು ತಿಂದ, ಎಷ್ಟು ದುಡ್ಡಿತ್ತು, ಯಾರ ಹತ್ತಿರ ಸಾಲ ಮಾಡಿದ, ಅದು ಸಾಕು. ಅಂಥ ಸಾಲು ಸಿಕ್ಕಿದ ಕಡೆ ಊ ಅಥವಾ ದು. ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಪುಸ್ತಕದಲ್ಲಿ ನನ್ನ ಪೆನ್ಸಿಲ್ ದು, ದು ಅಂತಲೇ ಓಡಿದೆ. ಪತ್ರಿಕೆ, ನಾಟಕ, ಸಿನಿಮಾ ಅಂತ ಕೈ ಹಾಕಿದ್ದಕ್ಕೆ ಲೆಕ್ಕವಿಲ್ಲ, ಸುಟ್ಟುಕೊಂಡಿದ್ದಕ್ಕೂ ಲೆಕ್ಕವಿಲ್ಲ.

"ಆತ್ಮಕಥೆಯಲ್ಲಿ ಎಲ್ಲರೂ ಸುಳ್ಳು ಹೇಳ್ತಾರೆ, ಕಾದಂಬರಿಯಲ್ಲೇ ನಿಜ ಇರೋದು" ಅಂತ ನಮ್ಮ ಆಫೀಸಿನ ಹಿರಿಯರೊಬ್ಬರ ವಾದ. ಇರಬಹುದು ಸರ್. ಜಗಳದ ಬಗ್ಗೆ, ಪ್ರೀತಿಯ ಬಗ್ಗೆ, ತಾನೆಷ್ಟು ಪ್ರಾಮಾಣಿಕ ಅನ್ನುವುದರ ಬಗ್ಗೆ ಸುಳ್ಳು ಹೇಳ್ತಾರೆ. ಆದರೆ ಅವತ್ತು ಹುಳಿ ನೀರಾಗಿತ್ತು ಅಂತ ಯಾಕೆ ಸುಳ್ಳು ಹೇಳ್ತಾರೆ? ಅದರಿಂದ ಯಾರಿಗೆ ಏನು ಲಾಭ? ಹಾಗಾಗಿ ನಾನು ಹುಳಿಯನ್ನು ನಂಬುತ್ತೇನೆ.

ಈಚೆಗೆ ಗೆದ್ದವರ ಕಥೆಗಳು ಬರುತ್ತವಲ್ಲ, ಅವು ನನಗೆ ಹಿಡಿಸುವುದಿಲ್ಲ. ಎರಡನೇ ಅಧ್ಯಾಯಕ್ಕೇ ಕಾರು ಬಂದುಬಿಡುತ್ತೆ. ಹಸಿವು ಒಂದು ಪ್ಯಾರಾ.

ಹಳೆಯ ತಲೆಮಾರಿನ ಆತ್ಮಕಥೆಗಳಲ್ಲಿ ಮತ್ತೆ ಮತ್ತೆ ಬರುವುದು ವಾರಾನ್ನ. ಈಗಿನ ಮಕ್ಕಳಿಗೆ ಆ ಪದವೇ ಗೊತ್ತಿಲ್ಲ. ಓದಲು ಊರು ಬಿಟ್ಟು ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ ಊಟ ಮಾಡಬೇಕು, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಏಳು ಮನೆ ಸಿಕ್ಕರೆ ಪುಣ್ಯ. ಐದೇ ಸಿಕ್ಕರೆ ಎರಡು ದಿನ ನೀರು ಕುಡಿದು ಮಲಗಬೇಕು. ಭೈರಪ್ಪನವರ 'ಭಿತ್ತಿ' ಓದಿದವರಿಗೆ ಈ ಹಸಿವು ಗೊತ್ತಿರುತ್ತೆ. ಅವರ ಕಾದಂಬರಿಗಳ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಿ, ನಾನೂ ಆಡುತ್ತೇನೆ. 'ಭಿತ್ತಿ'ಯ ಊ ಮಾತ್ರ ಅಳಿಸಲು ಬರುವುದಿಲ್ಲ.

ಆದರೆ ಆ ವಾರಾನ್ನಕ್ಕೂ ಜಾತಿ ಬೇಕಿತ್ತು. ಇದು ನನಗೆ ಹೊಳೆದದ್ದು ತಡವಾಗಿ, ಸಿದ್ದಲಿಂಗಯ್ಯನವರ 'ಊರುಕೇರಿ' ಓದುವಾಗ. ಮಾಗಡಿ ಕಡೆಯ ಮಂಚನಬೆಲೆಯಲ್ಲಿ ಇಬ್ಬರು ಗಂಡಸರ ಹೆಗಲ ಮೇಲೆ ನೊಗ. ಇನ್ನೊಬ್ಬ ಹಿಂದಿನಿಂದ ನೇಗಿಲು ಹಿಡಿದು ಹೊಲ ಉಳುತ್ತಿದ್ದಾನೆ. ಎತ್ತಿನ ಹಾಗೆ ಎಳೆಯುತ್ತಿರುವ ಇಬ್ಬರಲ್ಲಿ ಒಬ್ಬರು, ನಿಂತು ನೋಡುತ್ತಿರುವ ಹುಡುಗನ ಅಪ್ಪ. ಅಲ್ಲಿ ಯಾವ ಅಕ್ಷರ ಬರೆಯುವುದು ಅಂತ ಗೊತ್ತಾಗದೆ ಪೆನ್ಸಿಲ್ ಕೆಳಗಿಟ್ಟೆ. ಆಶ್ಚರ್ಯ ಅಂದರೆ ಮುಂದೆ ಅದೇ ಪುಸ್ತಕ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತೆ. ಬಸ್ಸಿನಲ್ಲಿ ಓದಬೇಡಿ, ಪಕ್ಕದವರು ಗಾಬರಿಯಾಗ್ತಾರೆ.

ಆಮೇಲೆ ವಿಜಯಾ ಅವರ 'ಕುದಿ ಎಸರು' ಬಂತು. 2019ರ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಹೆಸರು ನೋಡಿ. ಅಕ್ಕಿ ಹಾಕುವ ಮೊದಲು ಒಲೆ ಮೇಲೆ ಕುದಿಯುವ ನೀರು. ಗಂಡಸರ ಆತ್ಮಕಥೆಯಲ್ಲಿ ಊಟ ಎಲೆ ಮೇಲೆ ಬಂದು ಬೀಳುತ್ತೆ. ಇಲ್ಲಿ ಬರೆಯುತ್ತಿರುವವರು ಒಲೆಯ ಈಚೆ ಕಡೆ ನಿಂತವರು, ಏಟು ತಿಂದವರು. ಮೂರು ವಾರ ತೆಗೆದುಕೊಂಡೆ ಮುಗಿಸಲು. ಒಂದೇ ಸಲಕ್ಕೆ ಓದುವ ಶಕ್ತಿ ಇರಲಿಲ್ಲ.

ಅದಾದ ಮೇಲೆ ಒಂದು ಚಾಳಿ ಬಿತ್ತು. ಹಳೆಯ ಆತ್ಮಕಥೆ ತೆಗೆದು ಊ ಇರುವ ಪುಟಗಳನ್ನು ಮಾತ್ರ ಮತ್ತೆ ನೋಡುವುದು. ಬಡಿಸಿದವರು ಯಾರು? ಮನೆ ಯಜಮಾನರ ಹೆಸರಿರುತ್ತೆ, ಅವರು ವಕೀಲರೋ ಮೇಷ್ಟ್ರೋ ಅಂತ ಇರುತ್ತೆ. ಬಡಿಸಿದವರು ಎಷ್ಟೋ ಕಡೆ 'ಆ ತಾಯಿ', 'ಆ ಮಹಾತಾಯಿ'. ಕೃತಜ್ಞತೆ ಇದೆ, ಇಲ್ಲ ಅನ್ನಲ್ಲ. ಹೆಸರಿಲ್ಲ. ಒಂದು ರಾತ್ರಿ ಕೂತು ಎಣಿಸುತ್ತಾ ಹೋಗಿ ಸಿಟ್ಟು ಬಂದು ದೀಪ ಆರಿಸಿದೆ.

ಮಾರನೇ ದಿನ ಅಮ್ಮನ ಹತ್ತಿರ ಈ ಸಿಟ್ಟು ತೋಡಿಕೊಂಡೆ. ಅಮ್ಮನಿಗೆ ಎಪ್ಪತ್ತಾರು. ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಓದುವುದು ದಿನಪತ್ರಿಕೆಯ ಪದಬಂಧ ಬಿಟ್ಟರೆ ಇನ್ನೇನೂ ಇಲ್ಲ.

"ನಮ್ಮನೇಗೂ ಬರ್ತಿದ್ದ ಒಬ್ಬ," ಅಂದರು.

ನನಗೆ ಗೊತ್ತೇ ಇರಲಿಲ್ಲ! ಹಾಸನದಲ್ಲಿ ಅಜ್ಜಿ ಮನೆ. ಅಮ್ಮನಿಗೆ ಆಗ ಏಳೋ ಎಂಟೋ ವರ್ಷ.

"ಯಾವತ್ತೂ ಹೇಳಿಲ್ಲ ನೀನು?"

"ಯಾರು ಕೇಳಿದ್ರು? ಮಂಗಳವಾರ ಬರ್ತಿದ್ದ. ಅವತ್ತು ನಮ್ಮಮ್ಮ ಪಲ್ಯ ಮಾಡ್ತಿರಲಿಲ್ಲ. ಹುಳಿಗೇ ಸೌತೆಕಾಯಿ ಜಾಸ್ತಿ ಹಾಕೋರು, ಎಲ್ಲಾರ್ಗೂ ಬರ್ಲಿ ಅಂತ. ನಮ್ಗೆ ಸಿಟ್ಟು. ನಮ್ಮಕ್ಕ ಅಂತೂ ಅವನು ಉಣ್ಣೋವಾಗ ಬಾಗಿಲಲ್ಲಿ ನಿಂತ್ಕೊಂಡು ಎಷ್ಟು ತಿಂತಾನೆ ಅಂತ ನೋಡೋಳು. ಅವ್ನು ತಲೆನೇ ಎತ್ತುತ್ತಿರಲಿಲ್ಲ ಪಾಪ."

"ಹೆಸರೇನು?"

ಅಮ್ಮ ಕಾಯಿ ಸುಲಿಯುವುದು ನಿಲ್ಲಿಸಿದರು. ಸ್ವಲ್ಪ ಹೊತ್ತು ಯೋಚಿಸಿದರು.

"ಹೆಸರು... ಮಂಗಳವಾರದವನು ಅಂತಿದ್ವಿ."

ನನ್ನ ಹಿಂದಿನ ರಾತ್ರಿಯ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಅಜ್ಜಿ ಹೆಸರು ನಾಗಲಕ್ಷ್ಮಿ ಅಂತ ಅವನಿಗೆ ಗೊತ್ತಿತ್ತೋ ಇಲ್ಲವೋ.

ಈಗ ಅಂಚಿನಲ್ಲಿ ಇನ್ನೊಂದು ಅಕ್ಷರ ಸೇರಿದೆ, 'ಮಂ'. ಹಾಸನದಲ್ಲಿ ಐವತ್ತರ ದಶಕದಲ್ಲಿ ಓದಿದವರ ಆತ್ಮಕಥೆ ಕಣ್ಣಿಗೆ ಬಿದ್ದರೆ ಮೊದಲು ಮಂಗಳವಾರವನ್ನು ಹುಡುಕುತ್ತೇನೆ. ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಆತ್ಮಕಥೆಗಳೆಲ್ಲ 'ಇತರೆ' ಅನ್ನುವ ಕಪಾಟಿನಲ್ಲಿ ಒಂದರ ಮೇಲೊಂದು ಬಿದ್ದಿವೆ. (ಕಂದಾಯದ ಜೊತೆ ಗ್ರಂಥಾಲಯ ಕರ ಅಂತ ನಾವೆಲ್ಲ ಕಟ್ಟುತ್ತೇವೆ, ಒಂದು ಚೀಟಿ ಅಂಟಿಸಬಹುದಿತ್ತು.) ಪ್ರತಿ ಶನಿವಾರ ಹೋಗಿ ಒಂದಿಷ್ಟು ಕೆದಕಿ ಬರುತ್ತೇನೆ. ಊರಿನವರು, ಮೇಷ್ಟ್ರುಗಳು ತಾವೇ ದುಡ್ಡು ಹಾಕಿ ಅಚ್ಚು ಮಾಡಿಸಿದ ತೆಳ್ಳನೆಯ ಪುಸ್ತಕಗಳನ್ನೂ ಬಿಡುವುದಿಲ್ಲ. ಅವುಗಳಲ್ಲೇ ಊ ಜಾಸ್ತಿ.

ನಿಮ್ಮ ಮನೆಯಲ್ಲಿ ಅಂಥದ್ದೇನಾದರೂ ಇದ್ದರೆ ನೋಡಿ ಹೇಳಿ. ಮಂಗಳವಾರ. ಹಿತ್ತಲಲ್ಲಿ ಸೇದುವ ಬಾವಿ. ಸೌತೆಕಾಯಿ ಹುಳಿ. ಬಾಗಿಲಲ್ಲಿ ನಿಂತು ದುರುಗುಟ್ಟಿ ನೋಡುವ ಒಬ್ಬ ಹುಡುಗಿ, ಅವಳ ಹಿಂದೆ ಇನ್ನೊಬ್ಬಳು ಚಿಕ್ಕವಳು. ಆ ಚಿಕ್ಕವಳು ಈಗ ಒಳಗೆ ಅವರೆಕಾಳು ಬೇಯಿಸುತ್ತಿದ್ದಾರೆ.