ಬೇರೆಯವರಿಗೆ ಬರೆದ ಗುರುತು ಕಂಡರೆ ಕಂಪೈಲರ್ ಏಕೆ ಕೂಗಬೇಕು?

ಸೋಮವಾರಪೇಟೆಯಲ್ಲಿ ಬೆಳಗಿನಿಂದ ಮಳೆ ಬಿಟ್ಟಿಲ್ಲ. ಕರೆಂಟ್ ಎರಡು ಸಲ ಹೋಗಿ ಬಂತು. ಅದರ ನಡುವೆ ಕೋಡನ್ನು ಕಂಪೈಲರ್‌ಗೆ, ಅಂದರೆ ಅದನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಿರುಗಿಸುವ ತಂತ್ರಾಂಶಕ್ಕೆ, ಕೊಟ್ಟರೆ ಪರದೆ ತುಂಬಾ ಒಂದೇ ಮಾತು: ಈ ಪ್ರಾಗ್ಮಾ ಗೊತ್ತಿಲ್ಲ, ಈ ಆಟ್ರಿಬ್ಯೂಟ್ ಗೊತ್ತಿಲ್ಲ. ಎರಡೂ ಕೋಡ್ ಓದುವ ಸಾಧನಗಳಿಗೆಂದು ನಡುವೆ ಬರೆಯುವ ಸೂಚನೆಯ ಗುರುತುಗಳು. ಇನ್ನೂರಕ್ಕೂ ಹೆಚ್ಚು ಸಾಲು. ಅವುಗಳ ಮಧ್ಯೆ ಒಂದೇ ಒಂದು ನಿಜವಾದ ಎಚ್ಚರಿಕೆ ಇತ್ತು, ಮೌಲ್ಯ ತುಂಬದೆಯೇ ಬಳಸಿದ ಒಂದು ವೇರಿಯಬಲ್ ಬಗ್ಗೆ. ಅದು ನನ್ನ ಕಣ್ಣಿಗೆ ಬಿದ್ದದ್ದು ಇವತ್ತು, ಮೂರನೆಯ ದಿನ. ಮೂರು ದಿನ!

ಆ ಗುರುತುಗಳನ್ನು ನಾವು ಬರೆದದ್ದು ಕಂಪೈಲರ್‌ಗಲ್ಲ, ಕೋಡ್ ಪರೀಕ್ಷಿಸುವ ಬೇರೊಂದು ಸಾಧನಕ್ಕೆ. ಗುರುತಿಸಲಾಗದ ಪ್ರಾಗ್ಮಾವನ್ನು ಕಡೆಗಣಿಸಬೇಕು ಎಂದು ಸಿ ಭಾಷೆಯ ಮಾನಕ 1989ರಲ್ಲೇ ಹೇಳಿದೆ. ಆಟ್ರಿಬ್ಯೂಟ್‌ಗಳ ಬಗ್ಗೆ ಸಿ++ ಭಾಷೆಯ 2017ರ ಮಾನಕ ಸಿ++17 ಹೇಳುವುದೂ ಅದನ್ನೇ. ಕಡೆಗಣಿಸಿದ್ದೇನೆ ಎಂದು ಇನ್ನೂರು ಸಲ ಕೂಗಿ ಹೇಳಿದರೆ ಅದು ಯಾವ ಕಡೆಗಣನೆ?

ನಮ್ಮ ಅರೇಬಿಕಾ ಕಾಫಿ ತೋಟದಲ್ಲಿ ಬಿಳಿ ಕಾಂಡಕೊರಕ ಹುಳು ಹಿಡಿದ ಗಿಡಗಳನ್ನು ಹುಡುಕುವವರು ಕೊಂಬೆಗೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಾ ಹೋಗುತ್ತಾರೆ. ಹಿಂದೆ ಬರುವವರು ಅದನ್ನು ನೋಡಿ ಗಿಡ ಕಿತ್ತು ಸುಡುತ್ತಾರೆ. ಅದೇ ಸಾಲಿನಲ್ಲಿ ಕಳೆ ತೆಗೆಯುವವರೂ ಇರುತ್ತಾರೆ. ಅವರು ಬಟ್ಟೆ ಕಂಡಾಗಲೆಲ್ಲ ಕತ್ತಿ ಕೆಳಗಿಟ್ಟು ತೋಟದ ಮೇಲ್ವಿಚಾರಕ ರೈಟರನ್ನು ಕೂಗುವುದಿಲ್ಲ. ಬಟ್ಟೆ ಬಿಚ್ಚಿ ಬಿಸಾಡುವುದೂ ಇಲ್ಲ. ತಮ್ಮದಲ್ಲದ ಗುರುತು ಎಂದು ತಿಳಿದು ಮುಂದಿನ ಗಿಡಕ್ಕೆ ಹೋಗುತ್ತಾರೆ.

ಅಕ್ಷರ ತಪ್ಪಿದರೆ ಹೇಳುವವರು ಯಾರು ಎಂದು ಕೆಲವು ಗೆಳೆಯರು ಕೇಳುತ್ತಾರೆ. ಒಪ್ಪುತ್ತೇನೆ, ನಾನೇ ಅದರಲ್ಲಿ ಸುಟ್ಟುಕೊಂಡವನು. ಹಿಂದೊಮ್ಮೆ ಈ ಗಲಾಟೆ ತಾಳಲಾರದೆ ಪ್ರಾಗ್ಮಾ ಎಚ್ಚರಿಕೆಗಳನ್ನೆಲ್ಲ ಮುಚ್ಚಿಹಾಕಿದ್ದೆ. ಆಮೇಲೆ, ಕೆಲಸವನ್ನು ಪ್ರೊಸೆಸರ್‌ನ ಹಲವು ಕೋರ್‌ಗಳಿಗೆ ಹಂಚಲು ಬಳಸುವ ಓಪನ್‌ಎಂಪಿಯ ‘ಪ್ಯಾರಲಲ್’ ಪದದಲ್ಲಿ ಒಂದು ‘ಎಲ್’ ಬಿಟ್ಟೆ. ಎಂಟು ಕೋರ್‌ಗಳಲ್ಲಿ ಓಡಬೇಕಿದ್ದ ಲೂಪ್ ಒಂದು ವಾರ ಒಂದೇ ಕೋರ್‌ನಲ್ಲಿ ತೆವಳಿತು. ಆದರೆ ಆ ಪ್ರಾಗ್ಮಾ ಕಂಪೈಲರ್ ಓದಬೇಕಾದದ್ದೇ ಆಗಿತ್ತು! ತನ್ನ ಹೆಸರಿನ ಗುರುತಿನಲ್ಲಿ ಒಂದಕ್ಷರ ತಪ್ಪಿದರೂ ಕೂಗಲಿ, ಬೇಕಾದರೆ ಕಂಪೈಲ್ ಮಾಡುವುದನ್ನೇ ನಿಲ್ಲಿಸಲಿ. ಬೇರೆ ಸಾಧನದ ಹೆಸರು ಮುಂದಿದ್ದರೆ ಅದರ ಅಕ್ಷರ ನೋಡಿಕೊಳ್ಳುವುದು ಆ ಸಾಧನದ ಕೆಲಸ.

ಇದು ಆಗದ ಮಾತಲ್ಲ. ರಸ್ಟ್ ಭಾಷೆ 2018ರಲ್ಲೇ, 1.30 ಆವೃತ್ತಿಯಲ್ಲಿ ಮಾಡಿತು. ಅಲ್ಲಿ ಕೋಡನ್ನು ಒಪ್ಪವಾಗಿ ಜೋಡಿಸುವ ‘ರಸ್ಟ್‌ಎಫ್‌ಎಂಟಿ’ ಎಂಬ ಸಾಧನದ ಹೆಸರು ಹೊತ್ತ ಗುರುತನ್ನು ಕಂಪೈಲರ್ ಮಾತಿಲ್ಲದೆ ಬಿಡುತ್ತದೆ. ಯಾರದೆಂದು ಗೊತ್ತಿಲ್ಲದ ಗುರುತು ಬಂದರೆ ತಪ್ಪು ಎಂದೇ ನಿಲ್ಲಿಸುತ್ತದೆ. ಬಿಗಿಯೂ ಉಂಟು, ಮೌನವೂ ಉಂಟು.

ನಾನು ಬಳಸುವ ಸಿ, ಸಿ++ ಕಂಪೈಲರ್ ಜಿಸಿಸಿ 2022ರಲ್ಲಿ, 12ನೆಯ ಆವೃತ್ತಿಯಲ್ಲಿ, ಇಂಥ ಹೆಸರಿನ ಆಟ್ರಿಬ್ಯೂಟ್‌ಗಳ ತಂಟೆಗೆ ಹೋಗಬೇಡ ಎಂದು ಹೇಳಲು ದಾರಿ ಕೊಟ್ಟಿತು. ಇವತ್ತು ಆ ಸಾಲನ್ನು ಬಿಲ್ಡ್ ಕಡತಕ್ಕೆ ಸೇರಿಸಿ ಮತ್ತೆ ಓಡಿಸಿದೆ. ಆಟ್ರಿಬ್ಯೂಟ್‌ಗಳ ಕೂಗಾಟ ನಿಂತಿತು. ಪ್ರಾಗ್ಮಾಗಳದ್ದು ನಿಂತಿಲ್ಲ. ಅಲ್ಲಿರುವುದು ಒಂದೇ ಸ್ವಿಚ್. ಅದನ್ನು ಆಫ್ ಮಾಡಿದರೆ ನನ್ನ ತಪ್ಪಿಹೋದ ‘ಎಲ್’ ಕೂಡ ಮತ್ತೆ ಕತ್ತಲಿಗೆ ಹೋಗುತ್ತದೆ.