ತೆಪ್ಪದ ಮೇಲೆ ಜನರೇಟರ್ ಇಡಬೇಡಿ

ತೆಪ್ಪೋತ್ಸವದ ಕಮಿಟಿಗಳಲ್ಲಿ ಇರುವ ಗೆಳೆಯರು ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ. ಲೈಟಿಂಗ್ಸ್‌ನವರಿಗೆ ಅಡ್ವಾನ್ಸ್ ಕೊಡುವ ಮುಂಚೆಯೇ ಓದಿದರೆ ಇನ್ನೂ ಒಳ್ಳೆಯದು.

ನನ್ನ ಮಾತು ಇಷ್ಟೇ. ಪೆಟ್ರೋಲ್ ಜನರೇಟರನ್ನು ತೆಪ್ಪಕ್ಕೆ ಹತ್ತಿಸಬೇಡಿ. ಬೋಟಿಗೂ ಹತ್ತಿಸಬೇಡಿ. ಅದು ದಡದಲ್ಲೇ ಇರಲಿ. ನೀರಿನ ಮೇಲೆ ಬೇಕಾಗುವ ಬೆಳಕಿಗೆ ಇವತ್ತು ಬ್ಯಾಟರಿ ಸಾಕು.

ನಂಜನಗೂಡಿನ ಕಪಿಲೆ, ಮೇಲುಕೋಟೆಯ ಕಲ್ಯಾಣಿ, ಚಾಮುಂಡಿ ಬೆಟ್ಟದ ದೇವಿಕೆರೆ, ಇಲ್ಲಿನ ತೆಪ್ಪೋತ್ಸವಗಳು ಎಲ್ಲರಿಗೂ ಗೊತ್ತು. ಅಲ್ಲಿ ಅಧಿಕಾರಿಗಳು, ಪೊಲೀಸರು, ನೋಡುವ ಕಣ್ಣುಗಳು ಜಾಸ್ತಿ. ನನಗೆ ಚಿಂತೆ ಇರುವುದು ಮಂಡ್ಯ, ಮೈಸೂರು ಸೀಮೆಯ ಸಣ್ಣ ಊರಿನ ಕೆರೆಗಳದ್ದು. ಅಲ್ಲಿ ಊರಿನ ಹುಡುಗರೇ ಸೇರಿ ಡ್ರಮ್ ಕಟ್ಟಿ, ಹಲಗೆ ಹಾಸಿ, ಮಂಟಪ ಎಬ್ಬಿಸುತ್ತಾರೆ. ಸುತ್ತ ಬಟ್ಟೆ, ಹೂವು, ಥರ್ಮಾಕೋಲ್, ಸೀರಿಯಲ್ ಸೆಟ್. ಹಿಂದುಗಡೆ ಒಂದು ಮೂಲೆಯಲ್ಲಿ ಬಾಡಿಗೆ ಜನರೇಟರ್. ಕರೆಂಟು ಹೋದರೆ ದೇವರು ಕತ್ತಲಲ್ಲಿ ನಿಲ್ಲಬಾರದು ಎಂಬ ಭಕ್ತಿಯಿಂದಲೇ ಅದನ್ನು ಇಡುವುದು. ಆ ಭಕ್ತಿಯ ಬಗ್ಗೆ ನನಗೆ ಗೌರವ ಇದೆ.

ಮಂಡ್ಯ ಕಡೆಯ ಒಂದು ಊರಿನಲ್ಲಿ ಹೀಗೇ ತೆಪ್ಪ ಹೊರಟಿತ್ತು. ಊರಿನ ಹೆಸರು ಬೇಡ. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಓಲಗದವರಲ್ಲಿ ಒಬ್ಬರು ತಲೆ ಹಿಡಿದುಕೊಂಡು ಕೂತರು. ಆಮೇಲೆ ವಾಂತಿ. ಬೆಳಗಿನಿಂದ ಉಪವಾಸ, ಅದಕ್ಕೇ ಪಿತ್ತ ಕೆದರಿದೆ ಅಂದರು. ನಿಂಬೆಹಣ್ಣಿನ ಪಾನಕ ಕೊಟ್ಟರು. ಅವರು ಕೂತಿದ್ದದ್ದು ಜನರೇಟರಿನ ಪಕ್ಕದಲ್ಲೇ. ಹೊಗೆಯೇ ಕಾರಣ ಅಂತ ನಾನು ಹೇಳುವುದಿಲ್ಲ, ಯಾರೂ ಪರೀಕ್ಷೆ ಮಾಡಿಸಲಿಲ್ಲ. ಆದರೆ ಹೊಗೆ ಇರಬಹುದಾ ಅಂತ ಅಲ್ಲಿ ಒಬ್ಬರಿಗೂ ಅನ್ನಿಸಲಿಲ್ಲವಲ್ಲ, ನನಗೆ ಭಯ ಆಗಿದ್ದು ಅದಕ್ಕೆ. ನಾನು ಕೇಳಿದಾಗ ಒಬ್ಬ ಹುಡುಗ, "ಬಯಲಲ್ವಾ ಬುಡಣ್ಣ, ಗಾಳಿಗೆ ಹೊಂಟೋಯ್ತದೆ" ಅಂದ.

ಈ "ಬಯಲಲ್ವಾ" ಎಂಬ ನಂಬಿಕೆಯೇ ಅಪಾಯ.

ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೂಗಿಗೆ ಬಡಿಯುವ ವಾಸನೆ ಪೆಟ್ರೋಲು, ಆಯಿಲ್‌ನದ್ದು. ಆ ವಾಸನೆ ಕಡಿಮೆ ಆಯಿತು ಅಂದರೆ ಅನಿಲವೂ ಕಡಿಮೆ ಆಯಿತು ಅಂತ ಅಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊತ್ತು ಸಾಗಿಸುವುದು ಹಿಮೋಗ್ಲೋಬಿನ್. ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಈ ಅನಿಲ ಅದಕ್ಕೆ ಅಂಟಿಕೊಳ್ಳುತ್ತದೆ. ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಆಮ್ಲಜನಕ ಬರುವಷ್ಟರಲ್ಲಿ ಜಾಗವೇ ಇರುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು. ಉಪವಾಸ, ಬಿಸಿಲು, ನೀರಿನ ಮೇಲಿನ ತೂಗಾಟ, ಇವುಗಳಿಂದಲೂ ಹೀಗೇ ಆಗುತ್ತದೆ. ಹಾಗಾಗಿ ಯಾರಿಗೂ ಅನುಮಾನವೇ ಬರುವುದಿಲ್ಲ. ಆಮೇಲೆ ಪ್ರಜ್ಞೆ ತಪ್ಪುತ್ತದೆ. ನೀರಿನ ಮೇಲೆ ಪ್ರಜ್ಞೆ ತಪ್ಪಿದವರು ಎಲ್ಲಿಗೆ ಬೀಳುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ.

ಬಯಲಿನಲ್ಲಿ ಏನೂ ಆಗುವುದಿಲ್ಲ ಅನ್ನುವವರಿಗೆ ಅಮೆರಿಕದ ಲೇಕ್ ಪೊವೆಲ್ ವಿಷಯ ಹೇಳುತ್ತೇನೆ. ಅದೂ ನಮ್ಮ ಕೆಆರ್‌ಎಸ್, ಕಬಿನಿ ಥರ ಅಣೆಕಟ್ಟಿನ ಹಿನ್ನೀರೇ. ಅಲ್ಲಿ ಮನೆಯಂಥ ದೊಡ್ಡ ಬೋಟುಗಳಲ್ಲಿ ಜನ ರಜೆ ಕಳೆಯುತ್ತಾರೆ. ಎಸಿ, ಫ್ರಿಜ್‌ಗೆ ಅಂತ ಬೋಟಿನಲ್ಲೇ ಜನರೇಟರ್. ಅದರ ಹೊಗೆ ಬೋಟಿನ ಹಿಂಭಾಗದಲ್ಲಿ ಈಜಲು ಇಳಿಯುವ ಹಲಗೆಯ ಕೆಳಗೆ ಹೊರಬರುತ್ತಿತ್ತು. ಅಲ್ಲೇ ಈಜುತ್ತಿದ್ದವರು ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ತೆರೆದ ಆಕಾಶದ ಕೆಳಗೆ, ವಿಶಾಲವಾದ ನೀರಿನಲ್ಲಿ. 2000ದಲ್ಲಿ ಸರ್ಕಾರಿ ತಜ್ಞರು ಹೋಗಿ ಅಳೆದು ನೋಡಿದಾಗ ಆ ಜಾಗದಲ್ಲಿ ವಿಷಾನಿಲ ವಿಪರೀತ ಇತ್ತು. ಮುಳುಗಿ ಸತ್ತರು ಅಂತ ಮೊದಲು ಬರೆದುಕೊಂಡಿದ್ದ ಸಾವುಗಳನ್ನೂ ಆಮೇಲೆ ಮತ್ತೆ ಪರಿಶೀಲಿಸಬೇಕಾಯಿತು.

ನಮ್ಮ ತೆಪ್ಪದಲ್ಲೂ ಗಾಳಿಯ ಆಟ ಇದೇ. ತೆಪ್ಪ ಮುಂದೆ ಹೋಗುವಾಗ ಮಂಟಪ ಗಾಳಿಗೆ ಗೋಡೆಯ ಹಾಗೆ ಅಡ್ಡ ನಿಲ್ಲುತ್ತದೆ. ಅದರ ಹಿಂದೆ ಗಾಳಿ ಸುಳಿ ತಿರುಗುತ್ತದೆ. ಹಿಂದೆ ಬಿಟ್ಟ ಹೊಗೆ ವಾಪಸ್ ಒಳಗೇ ಬರುತ್ತದೆ. ಬೋಟಿನಲ್ಲೂ ಹಾಗೇ. ಜನರೇಟರನ್ನು ಮನೆಯಿಂದ ಕನಿಷ್ಠ 20 ಅಡಿ ದೂರ ಇಡಿ ಅಂತ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳುತ್ತದೆ. ನಮ್ಮ ಊರಿನ ಎಷ್ಟು ತೆಪ್ಪಗಳು 20 ಅಡಿ ಉದ್ದ ಇವೆ, ಹೇಳಿ? ಅರ್ಚಕರು, ಓಲಗದವರು, ಹುಟ್ಟು ಹಾಕುವವರು ಎಲ್ಲರೂ ಅಷ್ಟರೊಳಗೇ ಕೂರಬೇಕು.

ಹೊಗೆಯ ಮಾತು ಬಿಟ್ಟರೂ ಬೆಂಕಿ ಇದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ, ಅಲ್ಲಿಂದ ಸುಲಭವಾಗಿ ಹೊರಗೆ ಹೋಗುವುದಿಲ್ಲ. ಒಂದು ಕಿಡಿ ಸಾಕು. ಸುತ್ತಿನ ಮಧ್ಯೆ ಪೆಟ್ರೋಲ್ ಮುಗಿದು, ಕೆಂಪಗೆ ಕಾದ ಸೈಲೆನ್ಸರ್ ಪಕ್ಕ ಬಾಟಲಿಯಿಂದ ಪೆಟ್ರೋಲ್ ಸುರಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಮೊಳ ದೂರದಲ್ಲಿ ಬಟ್ಟೆ, ಥರ್ಮಾಕೋಲ್.

ಇನ್ನು ಶಾಕ್. ಇದು ಸ್ವಲ್ಪ ಟೆಕ್ನಿಕಲ್, ಆದರೆ ಲೈಟಿಂಗ್ಸ್ ಮಾಡುವ ಹುಡುಗರು ಖಂಡಿತ ತಿಳಿದಿರಬೇಕು. ಸಣ್ಣ ಜನರೇಟರ್‌ಗಳಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ಲನ್ನು ಅರ್ತ್‌ಗೆ ಜೋಡಿಸಿರುವುದಿಲ್ಲ. ಶಾಕ್ ಹೊಡೆದಾಗ ತಾನೇ ಬಿದ್ದು ಕರೆಂಟು ಕಡಿದು ಮನೆಯಲ್ಲಿ ಜೀವ ಉಳಿಸುವ ಆರ್‌ಸಿಸಿಬಿ ಸ್ವಿಚ್ಚು ಅಂಥ ಕಡೆ ಬೀಳದೇ ಇರಬಹುದು. ಸುಮ್ನೆ ಒಂದು ತಂದು ಹಾಕಿದ ಮಾತ್ರಕ್ಕೆ ಧೈರ್ಯ ಬೇಡ. ಕೆರೆಯ ಸಿಹಿನೀರಿಗಿಂತ ನಮ್ಮ ಮೈಯಲ್ಲೇ ಕರೆಂಟು ಸುಲಭವಾಗಿ ಹರಿಯುತ್ತದೆ. 230 ವೋಲ್ಟಿನ ವೈರು ನೀರಿಗೆ ಬಿದ್ದರೆ ಹತ್ತಿರ ಈಜುತ್ತಿರುವವನ ಕೈಕಾಲು ಕಟ್ಟಿಹೋಗುತ್ತದೆ. ಈಜು ಎಷ್ಟು ಚೆನ್ನಾಗಿ ಬಂದರೂ ಆಗ ಪ್ರಯೋಜನ ಇಲ್ಲ.

ಹಾಗಾದರೆ ಬೆಳಕಿಗೆ ಏನು ಮಾಡಬೇಕು?

ಜನರೇಟರ್ ಇಡುವ ಅಭ್ಯಾಸ ಹ್ಯಾಲೊಜನ್ ಕಾಲದ್ದು. ಒಂದೊಂದು ಫೋಕಸ್ ಲೈಟೇ 500, 1000 ವ್ಯಾಟ್ ನುಂಗುತ್ತಿತ್ತು. ಆಗ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಈಗ ಎಲ್ಲಾ ಎಲ್‌ಇಡಿ. ಲೆಕ್ಕ ಹಾಕಿ ನೋಡಿ. 9 ವ್ಯಾಟಿನ 30 ಬಲ್ಬು ಅಂದರೆ 270 ವ್ಯಾಟ್. ಸೀರಿಯಲ್ ಸೆಟ್‌ಗಳಿಗೆಲ್ಲ ಸೇರಿ 100. ಮೈಕು, ಸಣ್ಣ ಆಂಪ್ಲಿಫೈಯರ್‌ಗೆ ಇನ್ನೊಂದು 100 ಇಟ್ಟುಕೊಳ್ಳಿ. ಒಟ್ಟು 470 ವ್ಯಾಟ್. ಎರಡು ಗಂಟೆಗೆ 940 ವ್ಯಾಟ್-ಅವರ್. 12.8 ವೋಲ್ಟ್, 100 ಆಂಪಿಯರ್-ಅವರ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ವ್ಯಾಟ್-ಅವರ್ ಇರುತ್ತದೆ. ಇನ್ವರ್ಟರ್ ತಿನ್ನುವುದನ್ನು ಕಳೆದರೂ ಒಂದೇ ಸಾಕು. ಧೈರ್ಯಕ್ಕೆ ಎರಡು ಇಡಿ. ಒಂದನ್ನು ಒಬ್ಬರೇ ಎತ್ತಬಹುದು. ನಮ್ಮ ಮನೆಗಳ ಯುಪಿಎಸ್‌ನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿಯೂ ನಡೆಯುತ್ತದೆ, ಆದರೆ ಅದು 50 ಕೆಜಿ ದಾಟುತ್ತದೆ. ಹಾಗಾಗಿ ತೆಪ್ಪದ ನಡುವೆ, ಅಲುಗಾಡದ ಹಾಗೆ ಕಟ್ಟಬೇಕು. ಯಾವುದೇ ಬ್ಯಾಟರಿ ಆಗಲಿ, ಫ್ಯೂಸ್ ಇರಬೇಕು, ಟರ್ಮಿನಲ್ ಮುಚ್ಚಿರಬೇಕು, ಚಾರ್ಜ್ ಮಾಡುವುದು ದಡದಲ್ಲೇ.

ಇನ್ನೂ ಒಳ್ಳೆಯದು ಅಂದರೆ 12 ವೋಲ್ಟಿನ ಎಲ್‌ಇಡಿ ಪಟ್ಟಿಗಳನ್ನು ನೇರವಾಗಿ ಬ್ಯಾಟರಿಗೇ ಕೊಡುವುದು. 230 ವೋಲ್ಟ್ ನೀರಿನ ಹತ್ತಿರಕ್ಕೇ ಬರುವುದಿಲ್ಲ. ಮೈಸೂರಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಈ ಪಟ್ಟಿಗಳು ಸಿಗುತ್ತವೆ.

ಬ್ಯಾಟರಿಗೆ ದುಡ್ಡು ಜಾಸ್ತಿ ಅಂತ ಯಜಮಾನರು ಹೇಳುತ್ತಾರೆ. ನಿಜ, ಒಂದು ರಾತ್ರಿಯ ಜನರೇಟರ್ ಬಾಡಿಗೆಗೆ ಹೋಲಿಸಿದರೆ ಜಾಸ್ತಿಯೇ. ಆದರೆ ಅದು ಒಂದು ರಾತ್ರಿಗೆ ಮುಗಿಯುವ ಖರ್ಚಲ್ಲ. ವರ್ಷ ಪೂರ್ತಿ ದೇವಸ್ಥಾನದ ಗರ್ಭಗುಡಿಯ ದೀಪಕ್ಕೆ, ಮೈಕಿಗೆ ಅದೇ ಬ್ಯಾಟರಿ ಆಗುತ್ತದೆ. ಅಕ್ಕಪಕ್ಕದ ಊರಿನವರು ಸೇರಿ ಒಂದು ಸೆಟ್ ತೆಗೆದುಕೊಂಡರೂ ಆಯಿತು.

ಬ್ಯಾಟರಿ ಕೈಕೊಟ್ಟರೆ ಅನ್ನುವವರು ಕೇರಳದ ವೈಕಂ ಕಡೆ ನೋಡಲಿ. ಅಲ್ಲಿ 'ಆದಿತ್ಯ' ಎಂಬ ದೋಣಿ 2017ರ ಜನವರಿಯಲ್ಲಿ ಶುರುವಾಯಿತು. 75 ಜನರನ್ನು ಕೂರಿಸಿಕೊಂಡು ಸೋಲಾರ್, ಬ್ಯಾಟರಿಯಲ್ಲೇ ವೇಂಬನಾಡ್ ಸರೋವರ ದಾಟುತ್ತದೆ. ದೋಣಿಯನ್ನೇ ಓಡಿಸುವ ಬ್ಯಾಟರಿಗೆ ನಮ್ಮ ತೆಪ್ಪದ ಬಲ್ಬು ಯಾವ ಲೆಕ್ಕ?

ಜನರೇಟರ್ ಯಾವತ್ತೂ ಮುಟ್ಟಬೇಡಿ ಅಂತ ನಾನು ಹೇಳುತ್ತಿಲ್ಲ. ಹಿನ್ನೀರಿನಲ್ಲಿ ಇಡೀ ದಿನ ಸರ್ವೆ ಮಾಡುವವರು, ಪಂಪ್ ರಿಪೇರಿಗೆ ಹೋಗುವವರು ಇದ್ದಾರೆ. ಅವರಿಗೆ ಬ್ಯಾಟರಿ ಖಾಲಿಯಾದರೆ ಬೇರೆ ಗತಿ ಬೇಕು. ಅವರೂ ಬೋಟನ್ನು ದಡಕ್ಕೆ ತಂದು, ಜನರೇಟರನ್ನು ನೆಲಕ್ಕೆ ಇಳಿಸಿ, ದೂರದಲ್ಲಿಟ್ಟು ಚಾರ್ಜ್ ಮಾಡಿಕೊಳ್ಳಲಿ. ಪೆಟ್ರೋಲ್ ತುಂಬುವುದೂ ನೆಲದ ಮೇಲೆ, ಎಂಜಿನ್ ತಣ್ಣಗಾದ ಮೇಲೆ.

ಯಾವುದಾದರೂ ತೆಪ್ಪದಲ್ಲಿ ಜನರೇಟರ್ ಓಡುತ್ತಿದ್ದು, ಯಾರಿಗಾದರೂ ತಲೆನೋವು, ವಾಕರಿಕೆ ಅಂದರೆ ಮೊದಲು ಜನರೇಟರ್ ಆಫ್ ಮಾಡಿ. ದೀಪ ಆರಿದರೂ ಪರವಾಗಿಲ್ಲ. ಅವರನ್ನು ದಡಕ್ಕೆ ತಂದು ಆಸ್ಪತ್ರೆಗೆ ಸೇರಿಸಿ. ಜನರೇಟರ್ ಹೊಗೆ ಕುಡಿದಿದ್ದಾರೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಬೆರಳಿಗೆ ಹಾಕಿ 98 ಬಂತು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ವಿಷಾನಿಲ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತ ಅಂತಲೇ ತೋರಿಸುತ್ತದೆ.

ನಿಮ್ಮ ಊರಿನ ತೆಪ್ಪಕ್ಕೆ ಎಷ್ಟು ಬ್ಯಾಟರಿ ಬೇಕು ಅಂತ ಲೆಕ್ಕ ಬೇಕಿದ್ದರೆ ಬಲ್ಬು, ಸೆಟ್ಟು, ಮೈಕಿನ ಪಟ್ಟಿ ಮಾಡಿ ನನಗೆ ಮೆಸೇಜ್ ಹಾಕಿ. ವ್ಯಾಟ್ ಎಷ್ಟು ಅಂತ ಪ್ರತಿಯೊಂದರ ಮೇಲೂ ಬರೆದಿರುತ್ತದೆ, ಅದನ್ನೂ ನೋಡಿ ಬರೆಯಿರಿ. ಕೂತು ಲೆಕ್ಕ ಹಾಕಿ ಕೊಡುತ್ತೇನೆ. ದುಡ್ಡು ಬೇಡ.