ಸತ್ಯಾಂಶ: ವಿನೆಗರ್, ಅಡುಗೆ ಸೋಡಾ ಹಾಕಿ ತಿಕ್ಕಿದರೆ ಬಣ್ಣದ ನೆಲಹಾಸು ಹೊಳೆಯುತ್ತಾ?

ಕೈಯಲ್ಲಿ ಚಿತ್ರ ಬರೆದ ಕ್ಯಾನ್ವಾಸ್ ನೆಲಹಾಸು ಮಂಕಾದರೆ ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ತಿಕ್ಕಿ, ಹೊಸದರಂತೆ ಹೊಳೆಯುತ್ತದೆ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಹಾಗೆ ಮಾಡಬೇಡಿ.

ಬೆರೆಸಿದಾಗ ಬುಸ್ ಅಂತ ನೊರೆ ಬರುತ್ತದೆ, ನಿಜ. ಅದು ಇಂಗಾಲದ ಡೈಆಕ್ಸೈಡ್, ಅಷ್ಟೇ. ವಿನೆಗರ್ ಆಮ್ಲ, ಸೋಡಾ ಕ್ಷಾರ; ಎರಡೂ ಒಂದರ ಶಕ್ತಿಯನ್ನು ಇನ್ನೊಂದು ಇಳಿಸಿಬಿಡುತ್ತವೆ. ಉಳಿಯುವುದು ಹೆಚ್ಚುಕಮ್ಮಿ ಸೋಡಿಯಂ ಅಸಿಟೇಟ್ ಎಂಬ ಲವಣ ಕರಗಿದ ನೀರು. ಕರಗದ ಸೋಡಾ ಪುಡಿ ಮಾತ್ರ ಸುಮ್ನೆ ಇರೋದಿಲ್ಲ, ಬಣ್ಣದ ಮೇಲಿನ ವಾರ್ನಿಷ್ ಪದರವನ್ನು ಗೀಚುತ್ತದೆ. ನಾವು ಕಾಲಿಡುವುದು ಬಣ್ಣದ ಮೇಲಲ್ಲ, ಆ ಪದರದ ಮೇಲೆ ಅಲ್ವಾ? ಅದು ಸವೆದರೆ ಮಂಕು ಇನ್ನೂ ಜಾಸ್ತಿ.

ನೀರೂ ಅಷ್ಟೇ ಅಪಾಯ. ಅಂಚಿನಿಂದ, ಕೆಳಗಿನಿಂದ ಒಳಗಿಳಿದರೆ ಹತ್ತಿಯ ಬಟ್ಟೆ ಕುಗ್ಗುತ್ತದೆ, ಬಣ್ಣ ಬಿರುಕು ಬಿಡುತ್ತದೆ.

ಮೊದಲು ಮರಳು, ಧೂಳು ಗುಡಿಸಿ. ಆಮೇಲೆ ಸೌಮ್ಯ ಸೋಪಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆ ಆಡಿಸಿ. ಎತ್ತಿಡುವಾಗ ಮಡಚಲೇಬೇಡಿ, ಮಡಿಕೆಯ ಗೆರೆ ಹೋಗುವುದಿಲ್ಲ. ಚಿತ್ರ ಹೊರಗೆ ಬರುವಂತೆ ಸಡಿಲವಾಗಿ ಸುತ್ತಿ. ಹೊಳಪು ಪೂರ್ತಿ ಹೋಗಿದ್ದರೆ ಬೇಕಿರುವುದು ತಿಕ್ಕಾಟವಲ್ಲ, ಹಳೆಯದಕ್ಕೆ ಹೊಂದುವ ವಾರ್ನಿಷ್‌ನ ಇನ್ನೊಂದು ಕೋಟು. ಮೂಲೆಯಲ್ಲಿ ಮೊದಲು ಹಚ್ಚಿ ನೋಡಿ.